ಯಾರ ಚೀಲ, ಯಾರ ತೂಕ?

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿನ ಮೂರು ಊರುಗಳು. ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಓದುವ ಮೂವರು ಹುಡುಗರು ಹಬ್ಬ ಮುಗಿಸಿಕೊಂಡು ರಾತ್ರಿ ಬಸ್ಸಿಗೆ ಹೊರಟಿದ್ದಾರೆ. ಲಿಂಗಸುಗೂರಿನ ಹುಡುಗ ಮೊದಲು ಹತ್ತಿದ, ಮಸ್ಕಿಯವ ನಂತರ, ಸಿಂಧನೂರಿನವ ಕೊನೆಗೆ. ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ತಪಾಸಣೆ ಮಾಡಿದರು. ಲಿಂಗಸುಗೂರಿನವನ ಚೀಲದಲ್ಲಿ 12 ಕೆ.ಜಿ. ಗಾಂಜಾ, ಸಿಂಧನೂರಿನವನ ಚೀಲದಲ್ಲಿ 9 ಕೆ.ಜಿ. ಯಾರೋ ಪರಿಚಯದವರು ‘ಬೆಂಗಳೂರಿಗೆ ಮುಟ್ಟಿಸಿ, ಖರ್ಚಿಗೆ ಕೊಡುತ್ತೇವೆ’ ಎಂದಿದ್ದರಂತೆ. ಮಸ್ಕಿಯ ಹುಡುಗನ ಚೀಲದಲ್ಲಿ ಬಟ್ಟೆ, ಪುಸ್ತಕ, ತಾಯಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಆದರೆ ಮೂವರ ಟಿಕೆಟ್ಟನ್ನೂ ಕಾದಿರಿಸಿದ್ದು ಅವನೇ, ಅವನ ಮೊಬೈಲಿನಿಂದಲೇ. ಪೊಲೀಸರು ಮೂವರ ಮೇಲೂ ಒಂದೇ ಮೊಕದ್ದಮೆ ಹೂಡಿದರು.

ಇಂಥ ಸುದ್ದಿ ಮನೆಗೆ ಬಂದಾಗ ಪಾಲಕರು ಆಡುವ ಮೊದಲ ಮಾತು ಒಂದೇ: ‘ನನ್ನ ಮಗನ ಹತ್ತಿರ ಇದ್ದುದು ಎಷ್ಟು?’ ಮಸ್ಕಿಯ ತಂದೆ ಕೇಳುವುದು: ‘ನನ್ನ ಮಗನ ಹತ್ತಿರ ಏನೂ ಇರಲಿಲ್ಲವಲ್ಲ?’ ಎರಡೂ ಸರಿಯಾದ ಪ್ರಶ್ನೆಗಳೇ. ಏಕೆಂದರೆ ಈ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದೇ ತೂಕದ ಮೇಲೆ.

ಮಾದಕ ದ್ರವ್ಯ ಮತ್ತು ಮನೋಪರಿಣಾಮಿ ವಸ್ತುಗಳ ಕಾಯ್ದೆ ಬಂದದ್ದು 1985ರಲ್ಲಿ. ಆಗ ಅದರಲ್ಲಿ ಇಂದಿನಂತೆ ತೂಕದ ಮೆಟ್ಟಿಲುಗಳಿರಲಿಲ್ಲ. ಹೆರಾಯಿನ್ ಸ್ವಲ್ಪವಿರಲಿ ಹೆಚ್ಚಿರಲಿ, ಸ್ವಂತ ಸೇವನೆಗೆಂದು ಇಟ್ಟುಕೊಂಡ ಚೂರುಪಾರು ಬಿಟ್ಟರೆ, ಕನಿಷ್ಠ 10 ವರ್ಷ. ಇದು ಅತಿಯಾಯಿತೆಂದು 2001ರಲ್ಲಿ ತಿದ್ದುಪಡಿ ತಂದು ಮೂರು ಮೆಟ್ಟಿಲು ಮಾಡಿದರು: ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಇವೆರಡರ ನಡುವಿನದು. ಯಾವ ವಸ್ತುವಿಗೆ ಎಷ್ಟು ಎಂಬುದನ್ನು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿತು. ಗಾಂಜಾಕ್ಕೆ 1 ಕೆ.ಜಿ.ಗಿಂತ ಕಡಿಮೆ ಇದ್ದರೆ ಅಲ್ಪ, 20 ಕೆ.ಜಿ.ಗಿಂತ ಹೆಚ್ಚಿದ್ದರೆ ವಾಣಿಜ್ಯ. ಚರಸ್‌ಗೆ 100 ಗ್ರಾಂ ಮತ್ತು 1 ಕೆ.ಜಿ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಈಗ ನಗರದ ಕಾಲೇಜುಗಳ ಸುತ್ತ ಕೇಳಿಬರುವ ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಹತ್ತು ಗ್ರಾಂ ಎಂದರೆ ಎರಡು ಚಮಚೆ ಸಕ್ಕರೆಯಷ್ಟು. ಮಸ್ಕಿಯಲ್ಲಿ ಅಶೋಕ ತನ್ನ ಮಾತನ್ನು ದಾರಿಹೋಕರಿಗೆ ಕಾಣುವಂತೆ ಬಂಡೆಯ ಮೇಲೆ ಕೊರೆಸಿದ್ದ. ನಮ್ಮ ಕಾಲದ ಈ ಪಟ್ಟಿ ಗೆಜೆಟ್ಟಿನೊಳಗೆ ಮಲಗಿದೆ, ಮಕ್ಕಳು ಅದನ್ನು ಮೊದಲ ಬಾರಿಗೆ ಕೇಳುವುದು ಠಾಣೆಯಲ್ಲಿ.

ಗಾಂಜಾ ಅಲ್ಪ ಪ್ರಮಾಣದಲ್ಲಿದ್ದರೆ ಗರಿಷ್ಠ 1 ವರ್ಷದ ಕಠಿಣ ಸಜೆ, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡುವಿನದಾದರೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಇಲ್ಲಿ ಕನಿಷ್ಠವೆಂಬುದಿಲ್ಲ, ನ್ಯಾಯಾಧೀಶರು ಹುಡುಗನ ವಯಸ್ಸು, ಸನ್ನಿವೇಶ ನೋಡಿ ಕಡಿಮೆಯನ್ನೂ ಕೊಡಬಹುದು. ವಾಣಿಜ್ಯ ಪ್ರಮಾಣವಾದರೆ 10 ವರ್ಷಕ್ಕೆ ಕಡಿಮೆ ಇಲ್ಲ, 20ರವರೆಗೂ ಹೋಗಬಹುದು. ದಂಡ 1 ಲಕ್ಷದಿಂದ 2 ಲಕ್ಷ. ಅಲ್ಲಿ ನ್ಯಾಯಾಧೀಶರಿಗೆ ಕನಿಕರ ಹುಟ್ಟಿದರೂ 10ರ ಕೆಳಗೆ ಇಳಿಯುವಂತಿಲ್ಲ.

ಶಿಕ್ಷೆ ಬಹಳ ದೂರದ ಮಾತು. ತೂಕ ತನ್ನ ಕೆಲಸವನ್ನು ಮೊದಲ ದಿನವೇ ಆರಂಭಿಸುತ್ತದೆ. ವಾಣಿಜ್ಯ ಪ್ರಮಾಣದ ಆರೋಪವಿದ್ದರೆ ಕಲಂ 37 ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಬಿಟ್ಟರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದ ಹೊರತು ಜಾಮೀನಿಲ್ಲ. ಆರೋಪಪಟ್ಟಿ ಸಲ್ಲಿಸಲು ತನಿಖೆಯವರಿಗೂ 180 ದಿನ ಸಿಗುತ್ತದೆ. ಅಂದರೆ ಹುಡುಗ ತಪ್ಪು ಮಾಡಿರಲಿ ಬಿಡಲಿ, ಒಂದು ವರ್ಷದ ಪರೀಕ್ಷೆ ಹೋದಂತೆಯೇ.

ಈಗ ನಮ್ಮ ಬಸ್ಸಿಗೆ ಬರೋಣ. 12 ಕೆ.ಜಿ. ಬೇರೆ, 9 ಕೆ.ಜಿ. ಬೇರೆ ಎಂದು ಹಿಡಿದರೆ ಇಬ್ಬರೂ ನಡುವಿನ ಮೆಟ್ಟಿಲಿನವರು. ಎರಡನ್ನೂ ಕೂಡಿಸಿದರೆ 21. ವಾಣಿಜ್ಯ ಪ್ರಮಾಣ! ಒಂದು ಕೂಡುವ ಲೆಕ್ಕದ ಮೇಲೆ ಮೂರು ಮನೆಗಳ ಭವಿಷ್ಯ ನಿಂತಿದೆ. ಕೂಡಿಸಬಹುದೇ?

ಕೂಡಿಸಲು ಇರುವ ಬಾಗಿಲು ಕಲಂ 29. ಕಾಯ್ದೆಯಡಿಯ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ, ಒಳಸಂಚಿನಲ್ಲಿ ಪಾಲುಗೊಂಡವನಿಗೂ ಆ ಅಪರಾಧಕ್ಕಿರುವ ಶಿಕ್ಷೆಯೇ ಎಂದು ಅದು ಹೇಳುತ್ತದೆ. ಇಬ್ಬರೂ ಮಾತಾಡಿಕೊಂಡು, ಒಂದೇ ಸರಕನ್ನು ಎರಡು ಚೀಲಕ್ಕೆ ಹಂಚಿಕೊಂಡು ಹೊರಟಿದ್ದರೆಂದು ರುಜುವಾತಾದರೆ, ಆ ಸರಕು ಇಬ್ಬರದೂ ಹೌದು. ಚೀಲ ಎರಡಾದ ಮಾತ್ರಕ್ಕೆ ಅಪರಾಧ ಎರಡಾಗುವುದಿಲ್ಲ. ಆದರೆ ‘ರುಜುವಾತಾದರೆ’ ಎಂಬ ಮಾತನ್ನು ಓದುಗರು ಅಡಿಗೆರೆ ಹಾಕಿ ಇಟ್ಟುಕೊಳ್ಳಬೇಕು.

2005ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗುಜರಾತಿನ ಅಮರಸಿಂಗ್ ಬಾರೋಟ್ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಇಬ್ಬರು ಜೊತೆಯಾಗಿ ಹೋಗುತ್ತಿದ್ದರು. ಒಬ್ಬನ ಬಳಿ 920 ಗ್ರಾಂ, ಇನ್ನೊಬ್ಬನ ಬಳಿ 4 ಕೆ.ಜಿ. 250 ಗ್ರಾಂ ಅಫೀಮು ಸಂಬಂಧಿ ವಸ್ತು ಸಿಕ್ಕಿತು. ಹೈಕೋರ್ಟು ಎರಡನ್ನೂ ಕೂಡಿಸಿ ನೋಡಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಜೊತೆಯಲ್ಲಿ ಸಿಕ್ಕರು ನಿಜ, ಆದರೆ ಅವರವರ ಸರಕನ್ನು ಅವರವರು ಹೊತ್ತಿದ್ದರು; ಒಳಸಂಚಿಗೆ ಸಾಕ್ಷ್ಯವೇ ಇಲ್ಲದಿರುವಾಗ ಕಲಂ 29 ಹೇಗೆ ಬಂತು ಎಂದು ಕೇಳಿತು. ಇದರಿಂದ ಆತ ಪಾರಾದನೇ? ಇಲ್ಲ. ಅವನ ಪಾಲಿನ 920 ಗ್ರಾಂ ತಾನೇ ವಾಣಿಜ್ಯ ಪ್ರಮಾಣ ದಾಟಿತ್ತು. ಆದರೆ ತತ್ತ್ವ ಮಾತ್ರ ಗಟ್ಟಿಯಾಗಿ ಉಳಿಯಿತು: ಜೊತೆಗಿರುವುದು ಬೇರೆ, ಜೊತೆಗೂಡಿ ಮಾಡುವುದು ಬೇರೆ.

ಹಾಗಾದರೆ ಒಳಸಂಚನ್ನು ರುಜುವಾತು ಮಾಡುವುದು ಹೇಗೆ? ಅದಕ್ಕೆ ಯಾರೂ ಕರಾರುಪತ್ರ ಬರೆದಿರುವುದಿಲ್ಲ. ಸುತ್ತಲಿನ ಸಂಗತಿಗಳಿಂದಲೇ ತೀರ್ಮಾನಿಸಬೇಕು. ಒಂದೇ ಕಡೆಯಿಂದ ಹಣ ಬಂತೇ, ಎರಡೂ ಚೀಲದ ಪೊಟ್ಟಣ ಒಂದೇ ರೀತಿಯದೇ, ಯಾರು ಯಾರಿಗೆ ಏನು ಸಂದೇಶ ಕಳಿಸಿದರು, ಬೆಂಗಳೂರಿನಲ್ಲಿ ಇಳಿಸಿಕೊಳ್ಳುವವನ ನಂಬರು ಯಾರ ಮೊಬೈಲಿನಲ್ಲಿದೆ, ಇಂಥವು. ಹಿಂದೆ ಇನ್ನೊಂದು ಸುಲಭದ ದಾರಿಯಿತ್ತು. ತನಿಖಾಧಿಕಾರಿಯ ಮುಂದೆ ಒಬ್ಬ ‘ನಾವು ಮೂವರೂ ಸೇರಿ ತಂದೆವು’ ಎಂದು ಬರೆದುಕೊಟ್ಟರೆ ಅದೇ ಸಾಕ್ಷ್ಯವಾಗುತ್ತಿತ್ತು. 2020ರ ಅಕ್ಟೋಬರ್ 29ರಂದು ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಆ ದಾರಿ ಮುಚ್ಚಿತು. ಈ ಕಾಯ್ದೆಯ ಅಧಿಕಾರಿಗಳೂ ಪೊಲೀಸರಂತೆಯೇ, ಅವರ ಮುಂದಿನ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆ ಕೊಡಲಾಗದು ಎಂದಿತು. ಅದರ ಫಲ ನಮ್ಮ ರಾಜ್ಯದ ಒಂದು ಪ್ರಕರಣದಲ್ಲೇ ಕಂಡಿತು. ಬೆಂಗಳೂರಿನ ಮಾದಕವಸ್ತು ನಿಯಂತ್ರಣ ಬ್ಯೂರೊ ಹೂಡಿದ್ದ ಮೊಕದ್ದಮೆಗಳಲ್ಲಿ ಮುಖ್ಯವಾಗಿ ಇಂಥ ಹೇಳಿಕೆಗಳ ಮೇಲೆ ಆರೋಪಿಗಳಾದವರಿಗೆ ಕರ್ನಾಟಕ ಹೈಕೋರ್ಟು ಜಾಮೀನು ಕೊಟ್ಟಿತ್ತು. ಬ್ಯೂರೊ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅವರ ಜಾಮೀನು ಉಳಿಸಿತು. ದೂರವಾಣಿ ಕರೆಗಳ ವಿವರಕ್ಕೆ ಎಷ್ಟು ಬೆಲೆ ಎಂಬುದನ್ನು ವಿಚಾರಣೆಯ ಕಾಲಕ್ಕೆ ನೋಡಬೇಕು ಎಂದಿತು.

ಮಸ್ಕಿಯ ಹುಡುಗನ ಪ್ರಶ್ನೆ ಇಲ್ಲೇ ಇದೆ. ಟಿಕೆಟ್ ಕಾದಿರಿಸುವುದು ಗೆಳೆಯರ ನಡುವಿನ ದಿನನಿತ್ಯದ ಕೆಲಸ, ಅದೊಂದೇ ಒಳಸಂಚಾಗದು. ಆದರೆ ‘ಸಾಮಾನು ಭಾರ ಇದೆ, ಹಿಂದಿನ ಸೀಟು ತಗೊ’ ಎಂಬ ಒಂದು ಸಂದೇಶಕ್ಕೆ ಅವನು ‘ಆಯ್ತು, ನನ್ನ ಪಾಲೆಷ್ಟು?’ ಎಂದು ಉತ್ತರಿಸಿದ್ದರೆ? ಕೈಯಲ್ಲಿ ಒಂದು ಗ್ರಾಂ ಇಲ್ಲದಿದ್ದರೂ 21 ಕೆ.ಜಿ.ಯ ಹೊರೆ ಅವನ ಹೆಗಲಿಗೂ ಬರಬಹುದು.

ಅಮೆರಿಕದಲ್ಲಿ ಓದುವ ಮಕ್ಕಳಿರುವ ಪಾಲಕರಿಗೆ ಒಂದು ಮಾತು. ಅಲ್ಲಿನ ಫೆಡರಲ್ ನ್ಯಾಯಾಲಯಗಳಲ್ಲಿ ಒಳಸಂಚಿನ ಲೆಕ್ಕ ಇನ್ನೂ ಅಗಲ. ಒಬ್ಬ ತಾನು ಒಪ್ಪಿ ಸೇರಿಕೊಂಡ ಕೆಲಸದ ಪರಿಧಿಯೊಳಗೆ, ಅದನ್ನು ಸಾಧಿಸಲು ಉಳಿದವರು ಸಾಗಿಸಿದ ಮಾಲಿನಲ್ಲಿ ತಾನು ಸಹಜವಾಗಿ ಊಹಿಸಬಹುದಾಗಿದ್ದಷ್ಟೂ ಅವನ ಖಾತೆಗೆ ಬೀಳುತ್ತದೆ. ಜಪ್ತಿಯಾಗದ ಮಾಲನ್ನು ಸಹ ಸಾಕ್ಷಿಗಳ ಮಾತಿನ ಮೇಲೆ ಅಂದಾಜು ಕಟ್ಟಿ ಸೇರಿಸಬಹುದು. ಕನಿಷ್ಠ ಶಿಕ್ಷೆಯನ್ನು ಏರಿಸುವ ತೂಕವನ್ನು ಮಾತ್ರ ಜ್ಯೂರಿಯೇ ತೀರ್ಮಾನಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ನಮ್ಮಲ್ಲಿ ಜ್ಯೂರಿ ಇಲ್ಲ. ಆದರೆ ಮಾಲು, ಪಂಚನಾಮೆ, ಪ್ರಯೋಗಾಲಯದ ವರದಿ ಈ ಮೂರರ ಸುತ್ತಲೇ ಮೊಕದ್ದಮೆ ನಡೆಯುವುದರಿಂದ, ಕಣ್ಣಿಗೆ ಕಾಣದ ಮಾಲಿನ ಮೇಲೆ ತೂಕ ಕಟ್ಟುವುದು ಕಷ್ಟ.

ತೂಕ ಯಾರದೆಂಬ ಪ್ರಶ್ನೆಯ ಹಿಂದೆಯೇ, ತೂಗಿದ್ದು ಏನನ್ನು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಜನ ‘ಗಾಂಜಾ ಸೊಪ್ಪು’ ಎನ್ನುತ್ತಾರೆ. ಕಾಯ್ದೆ ಸೊಪ್ಪನ್ನು ಗಾಂಜಾ ಎನ್ನುವುದಿಲ್ಲ! ಗಿಡದ ಹೂ ಅಥವಾ ಕಾಯಿ ಕಟ್ಟಿದ ತುದಿಯೇ ಗಾಂಜಾ. ತುದಿಯ ಜೊತೆಗಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ತುದಿಯೊಂದಿಗೆ ಕೂಡಿ ಬಂದರೆ ಅವೂ ಲೆಕ್ಕಕ್ಕೆ ಬರುತ್ತವೆ. 2022ರ ಜೂನ್‌ನಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಒಬ್ಬನಿಂದ 29 ಕೆ.ಜಿ. ಭಂಗಿ, 400 ಗ್ರಾಂ ಗಾಂಜಾ ವಶಪಡಿಸಿಕೊಂಡರು. ಎಲ್ಲವನ್ನೂ ಗಾಂಜಾ ಎಂದರೆ ವಾಣಿಜ್ಯ ಪ್ರಮಾಣ. ಆದರೆ ಕರ್ನಾಟಕ ಹೈಕೋರ್ಟು ಜಾಮೀನು ಕೊಡುವಾಗ ಭಂಗಿ ಈ ಕಾಯ್ದೆಯ ಗಾಂಜಾ ಅಲ್ಲ ಎಂದು ಬದಿಗಿಟ್ಟಿತು. ಉಳಿದದ್ದು 400 ಗ್ರಾಂ. ಹಾಗೆಂದು ಭಂಗಿ ನಿರ್ಭಯವೆಂದು ತಿಳಿಯಬಾರದು, ಅಬಕಾರಿ ಕಾನೂನು ಬೇರೆ ಇದೆ. ನಮ್ಮ ಭಾಗದ ಕೆಲವು ಅವಧೂತ ಪರಂಪರೆಗಳಲ್ಲಿ ‘ಪತ್ರೆ’ ಎಂದು ಸೇದುವ ರೂಢಿಯಿದೆ, ಗಾಂಜಾಕ್ಕೆ ಕಾಯ್ದೆ ಅಂಥ ರಿಯಾಯಿತಿ ಯಾರಿಗೂ ಕೊಟ್ಟಿಲ್ಲ.

ಕಲಬೆರಕೆಯ ವಿಷಯದಲ್ಲಿ ನ್ಯಾಯಾಲಯ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿದೆ. ಲಿಂಗಸುಗೂರು ತಾಲ್ಲೂಕಿನವರಿಗೆ ಇದನ್ನು ವಿವರಿಸುವುದು ಸುಲಭ. ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಅದಿರು ಹೊತ್ತವನನ್ನು ‘ನಿನ್ನ ಬಳಿ ಒಂದು ಟನ್ ಇದೆ’ ಎನ್ನಬೇಕೋ, ‘ಕೆಲವು ಗ್ರಾಂ ಇದೆ’ ಎನ್ನಬೇಕೋ? 2008ರಲ್ಲಿ ಮೈಕೇಲ್ ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಚಿನ್ನವನ್ನಷ್ಟೇ ತೂಗಿತು. ಸಿಕ್ಕದ್ದು 4 ಕೆ.ಜಿ. ಮೇಲಿನ ಪುಡಿ, ಅದರಲ್ಲಿ ಹೆರಾಯಿನ್ ಸುಮಾರು 60 ಗ್ರಾಂ. ವಾಣಿಜ್ಯ ಪ್ರಮಾಣವಲ್ಲವೆಂದು 10 ವರ್ಷದ ಸಜೆಯನ್ನು 6ಕ್ಕೆ ಇಳಿಸಿತು. ಮರುವರ್ಷ, 2009ರ ನವೆಂಬರಿನಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ ಇಡೀ ಮಿಶ್ರಣವನ್ನೇ ತೂಗಬೇಕೆಂದಿತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದ ಮೂವರು ನ್ಯಾಯಮೂರ್ತಿಗಳ ಪೀಠ ಮೈಕೇಲ್ ರಾಜ್ ತೀರ್ಪು ತಪ್ಪೆಂದು ಹೇಳಿತು. ಈಗ ಅದಿರಿನದೇ ತೂಕ. ಬೀದಿಯಲ್ಲಿ ಮಾರುವುದೇ ಕಲಬೆರಕೆ, ಜೀವ ತೆಗೆಯುವುದೂ ಅದೇ ಎಂಬುದು ವಾದ. ವಾದದಲ್ಲಿ ಹುರುಳಿದೆ. ಆದರೂ ಹೆಚ್ಚು ಹಿಟ್ಟು ಬೆರೆಸಿದ ಬಡಪಾಯಿಗೆ ಹೆಚ್ಚು ಶಿಕ್ಷೆ, ಅಪ್ಪಟ ಮಾಲು ಇಟ್ಟುಕೊಂಡ ಜಾಣನಿಗೆ ಕಡಿಮೆ ಎನ್ನುವುದು ನನಗೆ ಇನ್ನೂ ಸರಿಯಾಗಿ ಜೀರ್ಣವಾಗಿಲ್ಲ. ಅಮೆರಿಕದಲ್ಲಿ 1991ರಲ್ಲೇ ಇದು ವಿಪರೀತಕ್ಕೆ ಹೋಗಿತ್ತು. ಚಾಪ್ಮನ್ ಪ್ರಕರಣದಲ್ಲಿ ಅಪ್ಪಟ ಎಲ್‌ಎಸ್‌ಡಿ ಇದ್ದದ್ದು 50 ಮಿಲಿಗ್ರಾಂ. ಅದನ್ನು ಹೀರಿಸಿದ್ದ ಕಾಗದವನ್ನೂ ಸೇರಿಸಿ 5.7 ಗ್ರಾಂ ಎಂದು ಲೆಕ್ಕ ಹಿಡಿದರು.

ಚೀಲ ಎರಡಿದ್ದಾಗ ಎರಡರಿಂದಲೂ ಬೇರೆ ಬೇರೆ ಮಾದರಿ ತೆಗೆದರೇ ಎಂಬುದು ಮುಖ್ಯ. 1993ರ ಗೋವಾ ಪ್ರಕರಣವೊಂದರಲ್ಲಿ ವಿದೇಶಿ ಪ್ರವಾಸಿಯ ಬಳಿ ಚರಸ್‌ನ ಎರಡು ತುಂಡು, ಒಟ್ಟು 12 ಗ್ರಾಂ ಸಿಕ್ಕವು. ಪ್ರಯೋಗಾಲಯಕ್ಕೆ ಹೋದದ್ದು ಒಂದೇ ತುಂಡು, 5 ಗ್ರಾಂಗಿಂತ ಕಡಿಮೆ ತೂಕದ್ದು. ಪರೀಕ್ಷೆಯಾಗದ ತುಂಡನ್ನು ಚರಸ್ ಎಂದು ಹೇಗೆ ನಂಬುವುದು ಎಂದು ಸುಪ್ರೀಂ ಕೋರ್ಟು ಅದನ್ನು ಲೆಕ್ಕದಿಂದ ತೆಗೆದುಹಾಕಿತು. 10 ವರ್ಷದ ಸಜೆ 6 ತಿಂಗಳಿಗೆ ಇಳಿಯಿತು. ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮಕ್ಷಮ ತೆಗೆಯಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2022ರಲ್ಲಿ ಅದಕ್ಕೆಂದೇ ನಿಯಮಗಳು ಬಂದವು. ಆದರೆ ಈ ಕ್ರಮದಲ್ಲಿ ಲೋಪವಾದ ಮಾತ್ರಕ್ಕೆ ಕೇಸು ಬಿದ್ದುಹೋಗದು, ಉಳಿದ ಸಾಕ್ಷ್ಯ ಗಟ್ಟಿಯಿದ್ದರೆ ಶಿಕ್ಷೆಯಾಗಬಹುದು ಎಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ‘ಮಹಜರಿನಲ್ಲಿ ತಪ್ಪಿದೆ, ಮಗ ನಾಳೆ ಮನೆಗೆ ಬರುತ್ತಾನೆ’ ಎನ್ನುವ ಮಧ್ಯವರ್ತಿಗಳ ಮಾತಿಗೆ ಹೊಲ ಅಡವಿಡಬೇಡಿ.

‘ನಾನು ಬರೀ ಚೀಲ ಮುಟ್ಟಿಸುವವನು’ ಎಂಬ ಮಾತಿಗೆ ಬೆಲೆ ಇದೆಯೇ? 2021ರ ಗುರುದೇವ್ ಸಿಂಗ್ ಪ್ರಕರಣದಲ್ಲಿ 1 ಕೆ.ಜಿ. ಹೆರಾಯಿನ್‌ಗೆ 15 ವರ್ಷದ ಸಜೆಯಾಗಿತ್ತು. ನಾನು ಬಡವ, ಬರೀ ಸಾಗಿಸುವವ, ಇದು ಮೊದಲ ತಪ್ಪು ಎಂದು ಆತ ಮೊರೆಯಿಟ್ಟ. ವಾಣಿಜ್ಯ ಪ್ರಮಾಣದ ನಾಲ್ಕು ಪಟ್ಟು ಮಾಲನ್ನು ನೋಡಿ ಸುಪ್ರೀಂ ಕೋರ್ಟು ಸಜೆ ಇಳಿಸಲಿಲ್ಲ. ಹತ್ತರಿಂದ ಮೇಲೆ ಎಷ್ಟು ಎಂದು ನಿರ್ಧರಿಸುವಾಗ ಶಾಲೆ ಕಾಲೇಜಿನ ಆವರಣದಲ್ಲಿ ಅಥವಾ ಅದರ ಸಮೀಪ ಅಪರಾಧ ನಡೆದದ್ದನ್ನು, ಅಪ್ರಾಪ್ತರನ್ನು ಬಳಸಿದ್ದನ್ನು ಶಿಕ್ಷೆ ಹೆಚ್ಚಿಸುವ ಕಾರಣಗಳೆಂದು ಕಾಯ್ದೆಯೇ ಹೆಸರಿಸಿದೆ.

ಹೊಲವಿರುವ ಪಾಲಕರು ಇದನ್ನೂ ತಿಳಿದಿರಬೇಕು. ತೊಗರಿ, ಹತ್ತಿ, ಮೆಣಸಿನ ಸಾಲಿನ ನಡುವೆ ಗಾಂಜಾ ಗಿಡ ಬೆಳೆಸಿದರೆ ಅಲ್ಲಿ ತೂಕದ ಮೆಟ್ಟಿಲಿಲ್ಲ. ನಾಲ್ಕು ಗಿಡವಾದರೂ ನಾನೂರಾದರೂ ಬೇಸಾಯದ ಅಪರಾಧಕ್ಕೆ 10 ವರ್ಷದವರೆಗೆ ಸಜೆ. ಹಸಿ ಗಿಡವನ್ನು ಬೇರು, ಕಾಂಡ, ಮಣ್ಣು ಸಮೇತ ತೂಗಿ ಇಷ್ಟು ಕೆ.ಜಿ. ಗಾಂಜಾ ಎಂದು ಬರೆದಿದ್ದರೆ ವಕೀಲರು ಪ್ರಶ್ನಿಸಬೇಕಾದದ್ದು ಅದನ್ನೇ. ಹೊಲವನ್ನು ಲಾವಣಿಗೆ ಕೊಟ್ಟಿದ್ದೀರೆಂದುಕೊಳ್ಳಿ. ಅಲ್ಲಿ ಗಾಂಜಾ ಬೆಳೆದದ್ದು ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದರೆ ಕಲಂ 46ರ ಪ್ರಕಾರ ಭೂಮಾಲೀಕನೂ ಶಿಕ್ಷಾರ್ಹ.

ಚಟಕ್ಕೆ ಬಿದ್ದ ಹುಡುಗನ ದಾರಿ ಬೇರೆ. ಅಲ್ಪ ಪ್ರಮಾಣ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಕಲಂ 64ಎ ಅವನನ್ನು ಮೊಕದ್ದಮೆಯಿಂದಲೇ ಕಾಪಾಡುತ್ತದೆ; ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಮನೆಗಳಿಗೆ ಈ ಕಲಮಿನ ಉಪಯೋಗ ಸಿಗುವುದಿಲ್ಲ. 18 ತುಂಬದವನಾದರೆ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ, ಅಲ್ಲಿನ ಜಾಮೀನಿನ ನಿಯಮವೂ ಸೌಮ್ಯ.

ಬಂಧನದ ಸುದ್ದಿ ಬಂದ ದಿನ ಪಾಲಕರು ವಕೀಲರ ಮೂಲಕ ಮೊದಲು ಪಡೆಯಬೇಕಾದ ಕಾಗದ ಜಪ್ತಿ ಪಂಚನಾಮೆಯ ಪ್ರತಿ. ಸಿಂಧನೂರಿನ ಮಾರುಕಟ್ಟೆಗೆ ಭತ್ತ ಹಾಕಿದ ಯಾವ ರೈತನಿಗೂ ಅದನ್ನು ಓದಲು ಹೇಳಿಕೊಡಬೇಕಿಲ್ಲ. ಖಾಲಿ ಚೀಲದ ತೂಕ ಕಳೆದರೋ, ತೇವ ಎಷ್ಟು ಹಿಡಿದರು, ಸೂಟಿನ ಹೆಸರಿನಲ್ಲಿ ಎಷ್ಟು ಮುರಿದುಕೊಂಡರು ಎಂದು ಅಡತಿ ಅಂಗಡಿಯ ಚೀಟಿಯನ್ನು ಅವನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ಪಂಚನಾಮೆಯನ್ನೂ ಹಾಗೆಯೇ ನೋಡಬೇಕು. ನಮ್ಮ ಬಸ್ಸಿನ 21 ಕೆ.ಜಿ.ಯಲ್ಲಿ ಎರಡು ಚೀಲ, ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿಗಳ ತೂಕವೂ ಸೇರಿದೆಯೇ? ಅವನ್ನೆಲ್ಲ ಕಳೆದು ನಿವ್ವಳ ತೂಕ 20 ಕೆ.ಜಿ. ಎಂದೇ ಬಂದರೆ ಅದು ವಾಣಿಜ್ಯ ಪ್ರಮಾಣವಲ್ಲ, 20 ಕೆ.ಜಿ. 10 ಗ್ರಾಂ ಬಂದರೆ ಹೌದು.